1924: ಯುದ್ಧದ ಬಾಕಿ ತೀರಿತೆಂದು ಜಗತ್ತು ನಂಬಿದ ವರ್ಷ

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ಜರ್ಮನ್ ನೋಟಿದೆ. ಅಚ್ಚಾದಾಗ ಅದು 1,000 ಮಾರ್ಕಿನ ನೋಟು. ಮೇಲಿರುವ ತಾರೀಖು 1922ರ ಡಿಸೆಂಬರ್ 15. ಆದರೆ ಅದರ ಮೈಮೇಲೆ ಕೆಂಪು ಶಾಯಿಯಲ್ಲಿ ಬೇರೊಂದು ಮೊತ್ತ ಒತ್ತಿದ್ದಾರೆ: ನೂರು ಕೋಟಿ ಮಾರ್ಕ್. ಹೊಸ ನೋಟು ಅಚ್ಚು ಹಾಕುವಷ್ಟು ಪುರುಸೊತ್ತಿಲ್ಲದೆ ಹಳೆಯದಕ್ಕೇ ಮೊಹರು ಹೊಡೆದು ಪೇಟೆಗೆ ಬಿಟ್ಟ ಕಾಗದ ಅದು. 1923ರ ನವೆಂಬರ್‌ನಲ್ಲಿ ಒಂದು ಡಾಲರ್ ಕೊಳ್ಳಲು 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು. ಅಂದರೆ ಇಂಥ ನೋಟು 4,200 ಬೇಕು. ಯುದ್ಧಕ್ಕೆ ಮುಂಚೆ ಅದೇ ಡಾಲರಿಗೆ 4 ಮಾರ್ಕ್ 20 ಫೆನಿಗ್ ಸಾಕಾಗುತ್ತಿತ್ತು.

ಎರಡು ಮಹಾಯುದ್ಧಗಳ ನಡುವಿನ ಕಾಲದ ಬಗ್ಗೆ ಮಾತು ಬಂದಾಗ ಎಲ್ಲರೂ 1929ರ ಕುಸಿತಕ್ಕೋ 1933ರ ಹಿಟ್ಲರ್‌ನ ಪಟ್ಟಕ್ಕೋ ಹೋಗುತ್ತಾರೆ. ನನಗೆ 1924 ಮುಖ್ಯ ಅನ್ನಿಸುತ್ತದೆ. ಮೊದಲ ಮಹಾಯುದ್ಧ ಮುಗಿದು ಆರನೇ ವರ್ಷ ಅದು. ಹಣದ ಬಾಕಿ, ಗಡಿಯ ಬಾಕಿ, ಸತ್ತ ಸಾಮ್ರಾಜ್ಯಗಳ ಉತ್ತರಕ್ರಿಯೆ ಎಲ್ಲ ಒಂದೇ ವರ್ಷದಲ್ಲಿ ಇತ್ಯರ್ಥವಾದಂತೆ ಕಂಡವು. ಜನ ನಿಟ್ಟುಸಿರು ಬಿಟ್ಟರು. ನಿಜಕ್ಕೂ ಆದದ್ದೇನೆಂದರೆ, ಬಹಳಷ್ಟು ಬಾಕಿಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ವರ್ಗವಾದವು. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ದುಡ್ಡಿನ ದಾರಿ ಹಿಡಿಯಬೇಕು.

ವರ್ಸೇಲ್ಸ್ ಒಪ್ಪಂದ ಯುದ್ಧದ ನಷ್ಟವನ್ನು ಜರ್ಮನಿಯ ತಲೆಗೆ ಕಟ್ಟಿತು. 1921ರಲ್ಲಿ ಆ ಪರಿಹಾರದ ಮೊತ್ತ ಗೊತ್ತಾಯಿತು: 13,200 ಕೋಟಿ ಚಿನ್ನದ ಮಾರ್ಕ್. ಚಿನ್ನದ ಮಾರ್ಕ್ ಎಂಬ ಮಾತಿನಲ್ಲೇ ಗಂಟಿದೆ. ಜರ್ಮನಿ ತನ್ನ ಕಾಗದದ ಮಾರ್ಕ್ ಎಷ್ಟು ಬೇಕಾದರೂ ಅಚ್ಚು ಹಾಕಬಹುದು; ಫ್ರಾನ್ಸ್‌ಗೆ ಅದು ಬೇಡ. ಚಿನ್ನ ಕೊಡಬೇಕು, ಇಲ್ಲವೇ ಡಾಲರ್, ಪೌಂಡ್ ಕೊಡಬೇಕು, ಇಲ್ಲವೇ ಕಲ್ಲಿದ್ದಲಿನಂಥ ಸರಕು ಕೊಡಬೇಕು. ಹೊರದೇಶದ ಹಣ ಸಂಪಾದಿಸಲು ಸರಕು ಮಾರಬೇಕು. ಆದರೆ ಜರ್ಮನ್ ಸರಕು ತಮ್ಮ ಪೇಟೆಗೆ ನುಗ್ಗುವುದು ಗೆದ್ದವರಿಗೆ ಇಷ್ಟವಿರಲಿಲ್ಲ. ಕಾಗದದ ಮಾರ್ಕನ್ನು ಪೇಟೆಗೆ ಸುರಿದು ಡಾಲರ್ ಕೊಳ್ಳಲು ಹೋದರೆ ಮಾರ್ಕಿನ ಬೆಲೆ ಇನ್ನಷ್ಟು ಬೀಳುತ್ತದೆ.

ಕಂತು ತಪ್ಪಿತು. 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯ ಜರ್ಮನಿಯ ಕಲ್ಲಿದ್ದಲಿನ ಸೀಮೆಯಾದ ರೂರ್ ಕಣಿವೆಯೊಳಗೆ ಬಂದು ಕೂತಿತು, ಸಾಲಕ್ಕೆ ಮನೆ ಜಪ್ತಿ ಮಾಡುವ ಹಾಗೆ. ಗಣಿ ಕೆಲಸಗಾರರು ಕೆಲಸ ನಿಲ್ಲಿಸಿದರು. ಅವರ ಹೊಟ್ಟೆಪಾಡಿಗೆ ಬರ್ಲಿನ್ ಸರ್ಕಾರ ಸಂಬಳ ಕೊಟ್ಟಿತು. ಅತ್ತ ಕಲ್ಲಿದ್ದಲಿನ ಆದಾಯವಿಲ್ಲ, ಇತ್ತ ಸಂಬಳದ ಖರ್ಚು. ಉಳಿದದ್ದು ನೋಟಿನ ಯಂತ್ರ ಒಂದೇ. ನನ್ನ ಮೇಜಿನ ಮೇಲಿನ ಕೆಂಪು ಮೊಹರು ಹುಟ್ಟಿದ್ದು ಹೀಗೆ. ಜೀವಮಾನವಿಡೀ ಪೈಸೆಗೆ ಪೈಸೆ ಕೂಡಿಟ್ಟ ಮೇಷ್ಟರು, ಗುಮಾಸ್ತರು, ವಿಧವೆಯರು ಬೆಳಗಾಗುವುದರಲ್ಲಿ ಬರಿಗೈಯಾದರು. ಸಾಲ ಮಾಡಿ ಕಾರ್ಖಾನೆ ಕಟ್ಟಿದವರ ಸಾಲ ಮಾತ್ರ ತಾನಾಗಿ ಕರಗಿತು. ಆ ಅನ್ಯಾಯದ ನೆನಪು ಜರ್ಮನಿಯ ಮಧ್ಯಮ ವರ್ಗದ ಎದೆಯಲ್ಲಿ ಕೊನೆಯವರೆಗೂ ಉಳಿಯಿತು.

1923ರ ನವೆಂಬರ್‌ನಲ್ಲಿ ರೆಂಟನ್‌ಮಾರ್ಕ್ ಎಂಬ ಹೊಸ ನಾಣ್ಯ ಬಂತು. ಹಳೆಯ ಒಂದು ಲಕ್ಷ ಕೋಟಿ ಮಾರ್ಕಿಗೆ ಹೊಸದು ಒಂದು. ನನ್ನ ನೋಟಿನಂಥವು ಸಾವಿರ ಸೇರಿದರೆ ಒಂದು ಮಾರ್ಕ್! ಹಣದುಬ್ಬರ ನಿಂತಿತು. ಆದರೆ ಪರಿಹಾರದ ಸಾಲ ಹಾಗೇ ಇತ್ತು. ಅದನ್ನು ಬಿಡಿಸಲು ಕೂತದ್ದು ಷಿಕಾಗೋದ ಬ್ಯಾಂಕರ್ ಚಾರ್ಲ್ಸ್ ಡಾಸ್ ಅಧ್ಯಕ್ಷತೆಯ ಸಮಿತಿ. 1924ರ ಏಪ್ರಿಲ್ 9ರಂದು ವರದಿ ಬಂತು, ಆಗಸ್ಟ್‌ನಲ್ಲಿ ಲಂಡನ್ ಸಮ್ಮೇಳನ ಅದನ್ನು ಒಪ್ಪಿತು, ಸೆಪ್ಟೆಂಬರ್ 1ರಿಂದ ಜಾರಿ.

ಯೋಜನೆ ಜಾಣತನದ್ದು. ಮೊದಲ ವರ್ಷ ಜರ್ಮನಿ 100 ಕೋಟಿ ಮಾರ್ಕ್ ಕೊಟ್ಟರೆ ಸಾಕು, ಐದನೇ ವರ್ಷಕ್ಕೆ ಅದು 250 ಕೋಟಿಗೆ ಏರಬೇಕು. ರೈಲ್ವೆ, ಕೈಗಾರಿಕೆ, ಕೆಲವು ತೆರಿಗೆಗಳು ಅಡವು. ಜರ್ಮನಿ ತನ್ನದೇ ಮಾರ್ಕಿನಲ್ಲಿ, ಬರ್ಲಿನ್‌ನಲ್ಲೇ, ಪರಿಹಾರ ಅಧಿಕಾರಿಯ ಖಾತೆಗೆ ಹಣ ಕಟ್ಟುತ್ತದೆ. ಅದನ್ನು ಡಾಲರ್, ಪೌಂಡ್ ಮಾಡುವುದು ಯಾವಾಗ ಎಂದು ಆ ಅಧಿಕಾರಿಯ ಸಮಿತಿ ನೋಡಿಕೊಳ್ಳುತ್ತದೆ. ಮಾರ್ಕ್ ಮತ್ತೆ ಕುಸಿಯುವ ಸೂಚನೆ ಕಂಡರೆ ವರ್ಗಾವಣೆ ನಿಲ್ಲಿಸಬಹುದು. ಆ ಕುರ್ಚಿಯಲ್ಲಿ ಕೂತ ಅಮೆರಿಕನ್ ಪಾರ್ಕರ್ ಗಿಲ್ಬರ್ಟ್‌ಗೆ ಆಗ 32 ವರ್ಷ. ಚಕ್ರಕ್ಕೆ ಮೊದಲ ತಳ್ಳು ಕೊಡಲು 80 ಕೋಟಿ ಚಿನ್ನದ ಮಾರ್ಕಿನ ಹೊರಸಾಲವನ್ನೂ ಎತ್ತಿದರು. ಅರ್ಧಕ್ಕಿಂತ ಹೆಚ್ಚು ಬಂದದ್ದು ಅಮೆರಿಕದಿಂದ.

ಚಕ್ರ ತಿರುಗಿದ ಬಗೆಯನ್ನು ನಮ್ಮೂರಿಗೆ ತಂದು ನೋಡೋಣ. ಒಬ್ಬ ಸಾಹುಕಾರ, ಇಬ್ಬರು ಅಣ್ಣತಮ್ಮಂದಿರು, ಜಗಳದಲ್ಲಿ ಸೋತ ಒಬ್ಬ ನೆರೆಯವ. ಜಗಳದ ಖರ್ಚಿಗೆ ಅಣ್ಣತಮ್ಮಂದಿರು ಸಾಹುಕಾರನ ಹತ್ತಿರ ಸಾಲ ಮಾಡಿದ್ದಾರೆ. ಸೋತವನು ಅವರಿಗೆ ದಂಡ ಕಟ್ಟಬೇಕು, ಆದರೆ ಅವನ ಕೈಯಲ್ಲಿ ಕಾಸಿಲ್ಲ. ಸಾಹುಕಾರ ಸೋತವನಿಗೇ ಹೊಸ ಸಾಲ ಕೊಡುತ್ತಾನೆ. ಅವನು ಅದರಿಂದ ದಂಡದ ಕಂತು ಕಟ್ಟುತ್ತಾನೆ. ಅಣ್ಣತಮ್ಮಂದಿರು ಆ ಕಂತನ್ನು ತಮ್ಮ ಸಾಲದ ಬಾಬ್ತು ಸಾಹುಕಾರನಿಗೆ ಹಿಂದಿರುಗಿಸುತ್ತಾರೆ. ಸಾಹುಕಾರನ ಗಲ್ಲಾಪೆಟ್ಟಿಗೆಯಿಂದ ಹೊರಟ ದುಡ್ಡು ಮೂರು ಮನೆ ಸುತ್ತಿ ಅದೇ ಗಲ್ಲಾಪೆಟ್ಟಿಗೆಗೆ ಬಂತು. ಮೂರು ಮನೆಯಲ್ಲೂ ಲೆಕ್ಕ ಸರಿಯಾಗಿದೆ, ಎಲ್ಲರ ಮುಖದಲ್ಲೂ ನಗು. ಸಾಹುಕಾರ ಅಮೆರಿಕ, ಅಣ್ಣತಮ್ಮಂದಿರು ಬ್ರಿಟನ್ ಮತ್ತು ಫ್ರಾನ್ಸ್. ಸಾಹುಕಾರ ಒಂದು ದಿನ ಕೈ ಹಿಂದೆಗೆದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಆಗಸ್ಟ್‌ನಲ್ಲಿ ಕೇಳುವ ಮನಸ್ಸು ಯಾರಿಗೂ ಇರಲಿಲ್ಲ. ಇನ್ನೊಂದು ಕೊರತೆಯೂ ಇತ್ತು. ವರ್ಷಕ್ಕೆಷ್ಟು ಕೊಡಬೇಕು ಎಂದು ಡಾಸ್ ಯೋಜನೆ ಹೇಳಿತು, ಎಲ್ಲಿಯವರೆಗೆ ಎಂದು ಹೇಳಲಿಲ್ಲ.

ಹಾಗಂತ ಇದನ್ನು ಬರೀ ಮೋಸ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಬೇರೆ ಯಾವ ಪರಿಹಾರಕ್ಕೂ ಆಗ ಬಹುಮತ ಸಿಗುತ್ತಿರಲಿಲ್ಲ. ಫ್ರೆಂಚ್ ಸೈನ್ಯ ರೂರ್‌ನಿಂದ ಒಂದು ವರ್ಷದೊಳಗೆ ಹೊರಡಲು ಒಪ್ಪಿತು. ಜರ್ಮನಿಯಲ್ಲಿ ಕೆಲಸ, ಊಟ, ನೆಮ್ಮದಿ ಮರಳಿದವು. ಅದರ ಗುರುತು ಮತಪೆಟ್ಟಿಗೆಯಲ್ಲೇ ಸಿಗುತ್ತದೆ. ಆ ವರ್ಷ ಜರ್ಮನಿಯಲ್ಲಿ ಎರಡು ಚುನಾವಣೆ ನಡೆದವು. ಮೇ ತಿಂಗಳಲ್ಲಿ ನಾತ್ಸಿಗಳೂ ಅವರ ಜೊತೆಗಾರರೂ ಸೇರಿ ಶೇ 6.5 ಮತ ಪಡೆದರು, 32 ಸ್ಥಾನ. ಡಿಸೆಂಬರ್‌ನಲ್ಲಿ ಶೇ 3, ಸ್ಥಾನ 14. ಏಳು ತಿಂಗಳ ನೆಮ್ಮದಿ ಅವರ ಮತವನ್ನು ಅರ್ಧಕ್ಕಿಂತ ಕೆಳಗಿಳಿಸಿತ್ತು.

ಆ ಪಕ್ಷದ ನಾಯಕ ಅಷ್ಟು ಹೊತ್ತಿಗೆ ಲ್ಯಾಂಡ್ಸ್‌ಬರ್ಗ್ ಸೆರೆಮನೆಯಲ್ಲಿದ್ದ. ಹಿಂದಿನ ವರ್ಷದ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿ ಸೋತಿದ್ದ ಹಿಟ್ಲರ್‌ನ ವಿಚಾರಣೆ 1924ರ ಫೆಬ್ರವರಿ 26ಕ್ಕೆ ಶುರುವಾಯಿತು. ದಂಗೆಯಲ್ಲಿ ನಾಲ್ವರು ಪೊಲೀಸರು ಸತ್ತಿದ್ದರು. ಆರೋಪ ರಾಜದ್ರೋಹ. ಆದರೆ ನ್ಯಾಯಪೀಠ ಆರೋಪಿಗೆ ಗಂಟೆಗಟ್ಟಲೆ ಭಾಷಣ ಮಾಡಲು ಬಿಟ್ಟಿತು, ಪತ್ರಿಕೆಗಳು ಅದನ್ನು ದೇಶಕ್ಕೆಲ್ಲ ಹಂಚಿದವು. ಏಪ್ರಿಲ್ 1ರ ತೀರ್ಪು: ಐದು ವರ್ಷ, ಬೇಗ ಬಿಡುಗಡೆಗೆ ಅವಕಾಶ. ಆಗ ಅವನು ಆಸ್ಟ್ರಿಯಾದ ಪ್ರಜೆ, ಗಡೀಪಾರು ಮಾಡಬಹುದಿತ್ತು, ನ್ಯಾಯಾಲಯ ಮಾಡಲಿಲ್ಲ. ಒಂಬತ್ತು ತಿಂಗಳೂ ತುಂಬುವ ಮೊದಲೇ, ಡಿಸೆಂಬರ್ 20ರಂದು, ಅವನು ಹೊರಗೆ ಬಂದ. ಸೆರೆವಾಸ ಅವನನ್ನು ಪಳಗಿಸಿದೆ, ಇನ್ನು ಖಾಸಗಿ ಬದುಕಿಗೆ ಮರಳಿ ಆಸ್ಟ್ರಿಯಾಕ್ಕೆ ಹೋಗಬಹುದು ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಡಿಸೆಂಬರ್‌ನ ಮತ ಎಣಿಕೆ ನೋಡಿದವರಿಗೆ ಅದು ನಂಬುವಂಥದ್ದೇ. 1928ರ ಹೊತ್ತಿಗೆ ಅಮೆರಿಕದ ಹಣ ಜರ್ಮನಿ ಬಿಟ್ಟು ನ್ಯೂಯಾರ್ಕಿನ ಷೇರುಪೇಟೆಯ ಕಡೆ ತಿರುಗಿತು, 1929ರ ಅಕ್ಟೋಬರ್‌ನಲ್ಲಿ ಆ ಪೇಟೆ ಮುರಿದುಬಿತ್ತು. ಕೊಟ್ಟ ಸಾಲ ವಾಪಸ್ ಕೇಳಿದರು. 1930ರ ಸೆಪ್ಟೆಂಬರ್ ಚುನಾವಣೆಯಲ್ಲಿ ನಾತ್ಸಿಗಳಿಗೆ 107 ಸ್ಥಾನ.

ಅಮೆರಿಕ ಹೊರದೇಶಕ್ಕೆ ದುಡ್ಡು ಕಳಿಸುವ ಬಾಗಿಲು ತೆರೆದ ಅದೇ ಬೇಸಿಗೆಯಲ್ಲಿ ಜನ ಒಳಗೆ ಬರುವ ಬಾಗಿಲು ಮುಚ್ಚಿತು. ಮೇ 26ರಂದು ಅಧ್ಯಕ್ಷ ಕೂಲಿಜ್ ಸಹಿ ಹಾಕಿದ ವಲಸೆ ಕಾಯ್ದೆಯ ಲೆಕ್ಕ ನೋಡಿ. ಒಂದು ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದು? ಆ ದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲಿ ಎಷ್ಟಿದ್ದರೋ ಅದರ ಶೇ 2. ಆದರೆ ಎಣಿಕೆಗೆ 1920ರ ಜನಗಣತಿ ಹಿಡಿಯದೆ 1890ರದ್ದು ಹಿಡಿದರು. ಇಟಲಿಯವರು, ಪೋಲೆಂಡ್‌ನವರು, ರಷ್ಯಾದ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಹಿಂದಿನ ಕಾಯ್ದೆಯ ಲೆಕ್ಕ 1910ರ ಜನಗಣತಿಯ ಶೇ 3; ಇಸವಿ, ಶೇಕಡಾ ಎರಡನ್ನೂ ಬದಲಿಸಿದ್ದರಿಂದ ಇಟಲಿಯ ಪಾಲು 42,057ರಿಂದ 3,845ಕ್ಕೆ ಇಳಿಯಿತು. ಏಷ್ಯಾದವರಿಗೆ ಆ ಪಾಲೂ ಇಲ್ಲ. ಭಾರತೀಯರನ್ನು 1917ರ ಕಾಯ್ದೆಯೇ ಹೊರಗಿಟ್ಟಿತ್ತು, ಈಗ ಜಪಾನೀಯರೂ ಹೊರಗೆ. ಜಪಾನ್ ಆ ಅವಮಾನವನ್ನು ಮರೆಯಲಿಲ್ಲ. ಹದಿನಾಲ್ಕು ವರ್ಷದ ಬಳಿಕ ಜರ್ಮನಿ, ಆಸ್ಟ್ರಿಯಾಗಳ ಯಹೂದಿಗಳು ಅಮೆರಿಕದ ಕಾನ್ಸುಲ್ ಕಚೇರಿಗಳ ಮುಂದೆ ಸಾಲುಗಟ್ಟಿ ನಿಂತಾಗ ಅವರನ್ನು ತಡೆದದ್ದು ಇದೇ ಕಾಯ್ದೆಯ ಪಾಲಿನ ಮಿತಿ. ಕಾಯ್ದೆಯ ಈ ಪದ್ಧತಿ ಹೋದದ್ದು 1965ರಲ್ಲಿ. ಇವತ್ತು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕನ್ನಡ ಕೂಟದ ಯುಗಾದಿ ನಡೆಯುತ್ತಿದ್ದರೆ ಅದಕ್ಕೆ ಆ 1965ರ ತಿದ್ದುಪಡಿಯೇ ಮೂಲ.

ಯುರೋಪಿನ ಉಳಿದ ಸುದ್ದಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಜನವರಿ 21ರಂದು ಲೆನಿನ್ ತೀರಿಕೊಂಡರು, ವಯಸ್ಸು 53. ಸ್ಟಾಲಿನ್‌ನನ್ನು ಪ್ರಧಾನ ಕಾರ್ಯದರ್ಶಿ ಹುದ್ದೆಯಿಂದ ತೆಗೆಯಿರಿ ಎಂದು ಅವರು ಬರೆಸಿದ್ದ ಟಿಪ್ಪಣಿಯನ್ನು ಮೇ ತಿಂಗಳ ಪಕ್ಷದ ಅಧಿವೇಶನದ ಪ್ರತಿನಿಧಿಗಳಿಗೆ ಓದಿ ಹೇಳಿದರು, ಪ್ರಕಟಿಸಲಿಲ್ಲ. ಸ್ಟಾಲಿನ್ ಅಲ್ಲೇ ಉಳಿದ. ಲೆನಿನ್ ತೀರಿಕೊಂಡ ಮರುದಿನ, ಜನವರಿ 22ರಂದು, ಲಂಡನ್‌ನಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಧಾನಿಯಾದರು. ಲೇಬರ್ ಪಕ್ಷದ ಮೊದಲ ಪ್ರಧಾನಿ ಅವರು, ಬಹುಮತವಿಲ್ಲದ ಸರ್ಕಾರ, ಹತ್ತು ತಿಂಗಳೂ ತುಂಬಲಿಲ್ಲ. ಭಾರತದಲ್ಲಿ ಅವರ ಮೇಲೆ ದೊಡ್ಡ ಆಸೆಯಿತ್ತು. ಅದೇ ಸರ್ಕಾರದ ಕಾಲದಲ್ಲಿ, ಅಕ್ಟೋಬರ್ 25ರಂದು, ಬಂಗಾಳದ ಸುಗ್ರೀವಾಜ್ಞೆಯ ಬೆನ್ನಿಗೇ ಸುಭಾಷ್ ಚಂದ್ರ ಬೋಸರನ್ನು ವಿಚಾರಣೆಯಿಲ್ಲದೆ ಬಂಧಿಸಿದರು. ಇಟಲಿಯಲ್ಲಿ ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿ ಮೇ 30ರಂದು ಸಂಸತ್ತಿನಲ್ಲಿ ಎದ್ದು ನಿಂತು ಫ್ಯಾಸಿಸ್ಟರು ಚುನಾವಣೆಯಲ್ಲಿ ನಡೆಸಿದ ಗೂಂಡಾಗಿರಿಯನ್ನು ಒಂದೊಂದಾಗಿ ಬಿಚ್ಚಿಟ್ಟರು. ಜೂನ್ 10ರಂದು ರೋಮ್‌ನ ಬೀದಿಯಲ್ಲೇ ಅವರನ್ನು ಕಾರಿಗೆ ಎಳೆದು ಕೊಂದರು, ಹೆಣ ಸಿಕ್ಕಿದ್ದು ಆಗಸ್ಟ್ 16ಕ್ಕೆ. ಮುಸೊಲಿನಿಯನ್ನು ಇಳಿಸಲು ಇಟಲಿಯ ದೊರೆಗೆ ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬಹುಕಾಲ ಬರಲಿಲ್ಲ. ದೊರೆ ಸುಮ್ಮನಿದ್ದ.

ಗೆದ್ದವರ ಸಿಟ್ಟು ವಿಜ್ಞಾನಕ್ಕೂ ಆಟಕ್ಕೂ ಹರಡಿತ್ತು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಜರ್ಮನಿಗೆ ಆಹ್ವಾನವಿಲ್ಲ. ಬ್ರಸೆಲ್ಸ್‌ನ ಸಾಲ್ವೇ ಭೌತವಿಜ್ಞಾನ ಸಮ್ಮೇಳನಕ್ಕೆ ಜರ್ಮನ್ ವಿಜ್ಞಾನಿಗಳಿಗೆ ಕರೆಯಿಲ್ಲ. ಇಂಥ ಹೊತ್ತಿನಲ್ಲಿ, ಜೂನ್ 4ರಂದು, ಢಾಕಾ ವಿಶ್ವವಿದ್ಯಾಲಯದ 30 ವರ್ಷದ ರೀಡರ್ ಸತ್ಯೇಂದ್ರನಾಥ ಬೋಸ್ ಬರ್ಲಿನ್‌ಗೆ, ಐನ್‌ಸ್ಟೈನ್‌ಗೆ, ಒಂದು ಕಾಗದ ಬರೆದರು. ನಾನು ನಿಮಗೆ ಪೂರ್ತಿ ಅಪರಿಚಿತ, ಆದರೂ ಕೇಳಲು ಸಂಕೋಚವಿಲ್ಲ, ನಿಮ್ಮ ಬರಹ ಓದಿ ಕಲಿತ ನಾವೆಲ್ಲ ನಿಮ್ಮ ಶಿಷ್ಯರೇ ಎಂಬುದು ಅದರ ಧಾಟಿ. ಜೊತೆಗಿದ್ದ ಲೇಖನ ಪ್ರಕಟಣೆಗೆ ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯೊಂದಕ್ಕೆ ಕೊಡಿಸಿ ಎಂಬುದು ಕೋರಿಕೆ. ಲೇಖನದ ತಿರುಳು ಎಣಿಕೆಯ ಒಂದು ಹೊಸ ಬಗೆ. ಚೆನ್ನೆಮಣೆಯ ಎರಡು ಕುಳಿ, ಎರಡು ಮಣಿ ತೆಗೆದುಕೊಳ್ಳಿ. ಮಣಿ ಒಂದು ಕೆಂಪು, ಒಂದು ಕಪ್ಪಾಗಿದ್ದರೆ ಅವನ್ನು ಇಡುವ ಬಗೆ ನಾಲ್ಕು: ಎರಡೂ ಎಡಕ್ಕೆ, ಎರಡೂ ಬಲಕ್ಕೆ, ಕೆಂಪು ಎಡಕ್ಕೆ ಕಪ್ಪು ಬಲಕ್ಕೆ, ಅಥವಾ ಅದಲುಬದಲು. ಮಣಿಗಳು ಒಂದನ್ನೊಂದು ಗುರುತಿಸಲಾಗದಷ್ಟು ಒಂದೇ ಥರ ಇದ್ದರೆ ಕೊನೆಯ ಎರಡು ಬಗೆ ಒಂದೇ ಆಗಿ ಮೂರು ಮಾತ್ರ ಉಳಿಯುತ್ತವೆ. ಬೆಳಕಿನ ಕಣಗಳನ್ನು ಹೀಗೆ ಎಣಿಸಬೇಕು ಎಂದರು ಬೋಸ್. ಅಷ್ಟರಿಂದ, ಬಿಸಿ ವಸ್ತು ಸೂಸುವ ಬೆಳಕನ್ನು ಲೆಕ್ಕ ಹಾಕುವ ಪ್ಲಾಂಕ್‌ನ ಸೂತ್ರ ಹಳೆಯ ಭೌತವಿಜ್ಞಾನದ ಊರುಗೋಲಿಲ್ಲದೆ ನೇರವಾಗಿ ಬಂತು. ಐನ್‌ಸ್ಟೈನ್ ತಾವೇ ಕೂತು ಅದನ್ನು ಜರ್ಮನ್‌ಗೆ ಅನುವಾದಿಸಿ ಅಚ್ಚಿಗೆ ಕಳಿಸಿದರು. ಇವತ್ತು ಒಂದು ಇಡೀ ಜಾತಿಯ ಕಣಗಳಿಗೆ ಬೋಸಾನ್ ಎಂದು ಹೆಸರು. ಗುಲಾಮ ದೇಶದ ಮೇಷ್ಟರೊಬ್ಬರು ಬಹಿಷ್ಕೃತ ದೇಶದ ವಿಜ್ಞಾನಿಗೆ ಬರೆದ ಈ ಕಾಗದ ನನಗೆ ಆ ವರ್ಷದ ಅತ್ಯಂತ ಸುಂದರ ಘಟನೆ.

ಈಗ ತುರ್ಕಿ. ಯುದ್ಧದಲ್ಲಿ ಸೋತ ಒಟ್ಟೊಮನ್ ಸಾಮ್ರಾಜ್ಯದ ಸುಲ್ತಾನನೇ ಜಗತ್ತಿನ ಸುನ್ನಿ ಮುಸ್ಲಿಮರಿಗೆ ಖಲೀಫ, ಅಂದರೆ ಧರ್ಮದ ಮುಖಂಡ. 1922ರಲ್ಲಿ ಅಂಕಾರಾದ ಸಂಸತ್ತು ಸುಲ್ತಾನ ಪದವಿ ತೆಗೆದು, ಖಲೀಫ ಪದವಿಯನ್ನು ಮಾತ್ರ ಉಳಿಸಿ, ಅದಕ್ಕೆ ಅಬ್ದುಲ್ ಮಜೀದನನ್ನು ಆರಿಸಿತ್ತು. ಚಿತ್ರ ಬರೆಯುವ, ಸಂಗೀತ ಬಲ್ಲ ಮನುಷ್ಯ. ಅಧಿಕಾರವಿಲ್ಲದ ಗೌರವ. ಅದೂ ತುರ್ಕಿ ಗಣರಾಜ್ಯದ ಅಧ್ಯಕ್ಷ ಮುಸ್ತಫಾ ಕೆಮಾಲ್‌ಗೆ ಕಂಟಕವಾಗಿ ಕಂಡಿತು, ಗಣರಾಜ್ಯದ ವಿರೋಧಿಗಳೆಲ್ಲ ಒಂದು ದಿನ ಆ ಅರಮನೆಯ ಸುತ್ತ ಸೇರಬಹುದಲ್ಲ! ಇಲ್ಲೊಂದು ನೋವಿನ ತಿರುವಿದೆ. ಖಲೀಫನ ಘನತೆ ಕಾಪಾಡಿ ಎಂದು ಲಂಡನ್‌ನಿಂದ ಭಾರತದ ಮುಸ್ಲಿಂ ಮುಖಂಡರಾದ ಆಗಾ ಖಾನ್ ಮತ್ತು ಅಮೀರ್ ಅಲಿ ತುರ್ಕಿಯ ಪ್ರಧಾನಿಗೆ ಕಾಗದ ಬರೆದರು. ಅದು ಪ್ರಧಾನಿಯ ಕೈ ಸೇರುವ ಮೊದಲೇ ಇಸ್ತಾಂಬುಲ್ ಪತ್ರಿಕೆಗಳಲ್ಲಿ ಅಚ್ಚಾಯಿತು. ಹೊರಗಿನವರು ನಮ್ಮ ಮನೆ ವಿಷಯಕ್ಕೆ ಕೈ ಹಾಕಿದರು ಎಂದು ಅಂಕಾರಾ ಕೆರಳಿತು. ಉಳಿಸಲು ಬರೆದ ಕಾಗದವೇ ಕೆಡವಲು ನೆಪವಾಯಿತು.

ಮಾರ್ಚ್ 3ರಂದು ಸಂಸತ್ತು ಖಲೀಫ ಪದವಿಯನ್ನೇ ರದ್ದು ಮಾಡಿತು. ಆ ರಾತ್ರಿ ಡೋಲ್ಮಾಬಾಹ್ಚೆ ಅರಮನೆಗೆ ಪೊಲೀಸರು ಬಂದರು. ಬೆಳಕು ಹರಿಯುವ ಮುನ್ನ ಅಬ್ದುಲ್ ಮಜೀದ್ ಮತ್ತು ಕುಟುಂಬವನ್ನು ಕಾರಿನಲ್ಲಿ ಕೂರಿಸಿದರು. ಊರೊಳಗಿನ ನಿಲ್ದಾಣಕ್ಕೆ ಕರೆದೊಯ್ದರೆ ಜನ ಸೇರಿಯಾರು ಎಂದು ದೂರದ ಚತಾಲ್ಜಾ ನಿಲ್ದಾಣಕ್ಕೆ ಕರೆದೊಯ್ದು, ಸ್ವಿಟ್ಜರ್ಲೆಂಡಿನ ಕಡೆಗೆ ರೈಲು ಹತ್ತಿಸಿದರು. ಎರಡೇ ದಿನಕ್ಕೆ, ಮೆಕ್ಕಾ ಇರುವ ಹಿಜಾಜಿನ ದೊರೆ ಹುಸೇನ್ ತಾನೇ ಖಲೀಫ ಎಂದು ಸಾರಿಕೊಂಡ. ಅಕ್ಟೋಬರ್‌ನಲ್ಲಿ ಅವನ ವೈರಿ ಇಬ್ನ್ ಸೌದ್‌ನ ಸೈನ್ಯ ಮೆಕ್ಕಾ ಹಿಡಿಯಿತು. ದೇಶಭ್ರಷ್ಟನಾದ ಖಲೀಫನಿಗೆ ಹೈದರಾಬಾದಿನ ನಿಜಾಮ ಮಾಸಾಶನ ಕೊಟ್ಟ. ನಮ್ಮ ಕಲಬುರಗಿ, ರಾಯಚೂರು, ಬೀದರ್ ಅವನ ರಾಜ್ಯದಲ್ಲಿದ್ದವು ಎಂಬುದನ್ನು ನೆನೆಯಿರಿ. 1931ರಲ್ಲಿ ಖಲೀಫನ ಮಗಳು ದುರ್ರು ಶೆಹವಾರ್ ನಿಜಾಮನ ಹಿರಿಯ ಮಗನನ್ನು ಮದುವೆಯಾಗಿ ಹೈದರಾಬಾದಿಗೆ ಬಂದಳು.

ಭಾರತದಲ್ಲಿ ಇದರ ಪೆಟ್ಟು ಬಿದ್ದದ್ದು ಎಲ್ಲಿಗೆ? 1919ರಿಂದ ಖಲೀಫನ ಪರವಾಗಿ ಇಲ್ಲಿ ಖಿಲಾಫತ್ ಚಳವಳಿ ನಡೆದಿತ್ತು. ಗಾಂಧೀಜಿ ಅದನ್ನು ಅಸಹಕಾರಕ್ಕೆ ಜೋಡಿಸಿ ಹಿಂದೂ ಮುಸ್ಲಿಮರನ್ನು ಒಂದೇ ವೇದಿಕೆಗೆ ತಂದಿದ್ದರು. ಆ ವೇದಿಕೆಯ ಒಂದು ಕಂಬವನ್ನು ಬ್ರಿಟಿಷರು ಮುರಿಯಲಿಲ್ಲ, ತುರ್ಕರೇ ಕಿತ್ತರು. ಯಾರಿಗಾಗಿ ಹೋರಾಡುತ್ತಿದ್ದರೋ ಆ ಪದವಿಯೇ ಇಲ್ಲ. ಗಾಂಧೀಜಿ ಆಗಷ್ಟೇ ಜೈಲಿನಿಂದ ಹೊರಬಂದಿದ್ದರು. ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ಮಾಡಿದ್ದರು. ಫೆಬ್ರವರಿ 5ಕ್ಕೆ ಬಿಡುಗಡೆ. ಎರಡು ವರ್ಷದಲ್ಲಿ ದೇಶ ಬೇರೆಯೇ ಆಗಿತ್ತು. ಊರೂರಿನಲ್ಲಿ ಕೋಮುಗಲಭೆ. ಸೆಪ್ಟೆಂಬರ್‌ನಲ್ಲಿ ವಾಯವ್ಯ ಗಡಿಯ ಕೋಹಾಟ್ ಹೊತ್ತಿ ಉರಿಯಿತು, ಅಲ್ಲಿನ ಹಿಂದೂಗಳು ಊರು ಬಿಟ್ಟರು. ಗಾಂಧೀಜಿ ದಿಲ್ಲಿಯಲ್ಲಿ ಮೌಲಾನಾ ಮೊಹಮ್ಮದ್ ಅಲಿಯವರ ಮನೆಯಲ್ಲೇ 21 ದಿನದ ಉಪವಾಸ ಶುರುಮಾಡಿದರು. ಮುಗಿದದ್ದು ಅಕ್ಟೋಬರ್ 8ಕ್ಕೆ.

ಆ ಬಳಲಿಕೆ ಆರುವ ಮೊದಲೇ ಅವರು ಬೆಳಗಾವಿಗೆ ಬಂದರು. ಡಿಸೆಂಬರ್ 26, 27ರ ಆ ಅಧಿವೇಶನ ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರು ಹಗಲಿರುಳು ದುಡಿದು ಸಜ್ಜು ಮಾಡಿದ್ದರು, ನಾ. ಸು. ಹರ್ಡೀಕರರು ಸ್ವಯಂಸೇವಕರನ್ನು ಅಣಿಗೊಳಿಸಿದ್ದರು. ಅಧಿವೇಶನದ ನಗರಕ್ಕೆ ವಿಜಯನಗರ ಎಂದು ಹೆಸರು, ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರ. ಆ ಬಾವಿ ಇಂದಿಗೂ ಇದೆ. ಹತ್ತು ಹನ್ನೊಂದರ ಹುಡುಗಿ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದಳು. ಅದೇ ಸಂದರ್ಭದಲ್ಲಿ ಅಲ್ಲೇ ಕರ್ನಾಟಕ ಏಕೀಕರಣ ಸಮ್ಮೇಳನವೂ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ನಾವು ಬೆಳಗಾವಿಯನ್ನು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು. ಆದರೆ ಆ ಡೇರೆಯೊಳಗಿದ್ದ ನಾಯಕ ಗೆಲುವಿನ ಮೆರವಣಿಗೆಯಲ್ಲಿ ಬಂದಿರಲಿಲ್ಲ. ಅಸಹಕಾರವನ್ನು ಹಿಂದಕ್ಕೆ ಪಡೆದು, ಶಾಸನಸಭೆಗೆ ಹೋಗಬೇಕೆನ್ನುವ ಸ್ವರಾಜ್ಯ ಪಕ್ಷದವರ ಜೊತೆ ರಾಜಿಯಾಗಿ, ಒಡೆದ ಮನೆಯನ್ನು ಕೂಡಿಸಲು ಬಂದಿದ್ದರು. ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ, ಹಿಂದೂ ಮುಸ್ಲಿಂ ಒಗ್ಗಟ್ಟು, ಅಸ್ಪೃಶ್ಯತೆಯ ನಿವಾರಣೆ: ಅವರು ಅಲ್ಲಿ ಕೈಗೆತ್ತಿಕೊಂಡದ್ದು ಇವನ್ನು. ಕೊನೆಯದಕ್ಕೆ ಹಿನ್ನೆಲೆಯಾಗಿ ತಿರುವಾಂಕೂರಿನ ವೈಕಂನಲ್ಲಿ ಮಾರ್ಚ್ 30ರಿಂದ ದೇವಸ್ಥಾನದ ಸುತ್ತಲ ರಸ್ತೆಯಲ್ಲಿ ಎಲ್ಲರೂ ನಡೆಯುವ ಹಕ್ಕಿಗಾಗಿ ಸತ್ಯಾಗ್ರಹ ನಡೆಯುತ್ತಲೇ ಇತ್ತು.

1924 ಎಂದರೆ ನಮ್ಮ ಕಡೆಯ ರೈತರಿಗೆ ಬೇರೊಂದು ಕಾಗದ ನೆನಪಾಗುತ್ತದೆ. ಫೆಬ್ರವರಿ 18ರಂದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಇದು ಯುದ್ಧದ ಬಾಕಿಯಲ್ಲ, 1892ರ ಒಪ್ಪಂದದ ಬಾಕಿ. ಆದರೂ ಮನೋಧರ್ಮ ಅದೇ ವರ್ಷದ್ದು. ಮೈಸೂರಿಗೆ ಕೃಷ್ಣರಾಜಸಾಗರವನ್ನು 124 ಅಡಿಯ ಮಟ್ಟಕ್ಕೆ ಕಟ್ಟಲು ಅನುಮತಿ ಸಿಕ್ಕಿತು, ಮದ್ರಾಸಿಗೆ ಮೆಟ್ಟೂರಿನ ದಾರಿ ತೆರೆಯಿತು, ಮೈಸೂರಿನ ನೀರಾವರಿಯ ವಿಸ್ತರಣೆಗೆ ಮಿತಿ ಬಿತ್ತು. ಕೆಲವು ಷರತ್ತುಗಳನ್ನು 50 ವರ್ಷದ ನಂತರ ಮತ್ತೆ ನೋಡೋಣ ಎಂದರು. 1974 ಬಂದಾಗ ಸಹಿ ಹಾಕಿದ ಎರಡು ಸರ್ಕಾರಗಳೂ ಇರಲಿಲ್ಲ. ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರಲ್ಲಿ.

ಇನ್ನು ಡಾಸ್ ಸಾಲ. ಯೋಜನೆ ರೂಪಿಸಿದ್ದಕ್ಕೆ ಚಾರ್ಲ್ಸ್ ಡಾಸ್‌ಗೆ 1925ರ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಸಿಕ್ಕಿತು, ಅಷ್ಟರಲ್ಲಿ ಅವರು ಅಮೆರಿಕದ ಉಪಾಧ್ಯಕ್ಷರೂ ಆಗಿದ್ದರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಸಾಲಪತ್ರಗಳ ಪಾವತಿ ನಿಂತಿತು. ಎರಡನೇ ಯುದ್ಧದ ನಂತರ, 1953ರಲ್ಲಿ, ಪಶ್ಚಿಮ ಜರ್ಮನಿ ಆ ಹಳೆಯ ಪತ್ರಗಳನ್ನು ಒಪ್ಪಿಕೊಂಡಿತು. ಬಡ್ಡಿಯ ಒಂದು ಭಾಗವನ್ನು ಮಾತ್ರ ಎರಡೂ ಜರ್ಮನಿ ಒಂದಾದಾಗ ಕೊಡುವುದೆಂದು ಬದಿಗಿಟ್ಟರು. ಆ ದಿನ ಬಂದೀತೆಂದು ಆಗ ಹೆಚ್ಚು ಜನ ನಂಬಿರಲಾರರು. 1990ರಲ್ಲಿ ಜರ್ಮನಿ ಒಂದಾಯಿತು, ಕಂತು ಮತ್ತೆ ಶುರುವಾಯಿತು. ಕೊನೆಯ ಕಂತು ಕಟ್ಟಿದ್ದು 2010ರ ಅಕ್ಟೋಬರ್ 3ರಂದು.